ತೊಟ್ಟಿಗೆ ಗೀರು ಬೀಳಬಾರದು

ಮೊದಲು ಬಳೆ ತೆಗೆಯಲು ಹೇಳಿದರು.

ಮಾಸ್ತಮ್ಮ ಹಿಂದೆ ತಿರುಗಿ ನೋಡಿದಳು. ಬೇರೆ ಯಾರಿಗೋ ಹೇಳಿರಬೇಕು ಅಂದುಕೊಂಡಳು. ಹಿಂದೆ ಹಾಲಮ್ಮ ನಿಂತಿದ್ದಳು. ಹಾಲಮ್ಮ ಗಂಡ ಸತ್ತವಳು. ಅವಳ ಕೈಯಲ್ಲಿ ತೆಗೆಯುವುದಕ್ಕೆ ಏನೂ ಇರಲಿಲ್ಲ.

"ನಿನಗೇ ಹೇಳಿದ್ದು," ಎಂದ ಬೊಂಬಾಯಿಯ ತೊಟ್ಟಿ ಕಂಪನಿಯಿಂದ ಬಂದ ಇನ್‌ಸ್ಪೆಕ್ಟರ್ ಉಮಾಮಹೇಶ್ವರ. "ಬಳೆ, ಕಾಲುಂಗುರ, ಮೂಗಿಂದು, ಕಿವೀದು, ಎಲ್ಲ. ತೊಟ್ಟಿ ಒಳಮೈಗೆ ಒಂದು ಗೀರು ಬೀಳಬಾರದು."

"ಗಂಡ ಅದಾರೆ ಸ್ವಾಮಿ," ಎಂದಳು ಮಾಸ್ತಮ್ಮ. "ಅಗಾ, ಅಲ್ಲೇ ನಿಂತಾರೆ."

ಕೆಲಸದವರು ಕಿಸಕ್ಕನೆ ನಕ್ಕರು. ತೊಟ್ಟಿಯ ಬುಡದಲ್ಲಿ ನಲ್ಲಿಯ ಹತ್ತಿರ ನಿಂತಿದ್ದ ಅವಳ ಗಂಡ ಕೆರಿಯಪ್ಪ ನಗಲಿಲ್ಲ. ನೆಲ ನೋಡಿದ.

ಕಾರ್ಖಾನೆಯ ಒಡೆಯ ಗಣೇಶಮೂರ್ತಿ ಆಫೀಸಿನ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಾಯಲ್ಲಿದ್ದ ಎಲೆಯಡಿಕೆ ಕವಳವನ್ನು ಒಂದು ಕೆನ್ನೆಗೆ ತಳ್ಳಿ ಕೂಗಿದ. "ತೆಗ್ಯೆ ಮಾಸ್ತಿ. ಬಳೆ ತೆಗೆದ್ರೆ ಗಂಡ ಸಾಯೋದಾಗಿದ್ರೆ ನಿಮ್ಮ ಕೇರಿ ಅರ್ಧ ಖಾಲಿ ಆಗ್ತಿತ್ತು."

ಹಾಲಮ್ಮನೇ ಸಾಬೂನು ತಂದಳು. ಕೆಲಸದಿಂದ ಗಂಟುಗಂಟಾದ ಕೈ. ಮದುವೆಯಲ್ಲಿ ಬಳೆಗಾರ ಹಿಂಡಿ ತೊಡಿಸಿದಾಗ ಆ ಕೈ ಮೆತ್ತಗಿತ್ತು. ಈಗ ಬರಲಿಲ್ಲ. ಹಾಲಮ್ಮ ಎಳೆದಳು. ಮೂಳೆ ಕಟಕಟ ಎಂದಿತು. ಮೂರು ಬಂದವು. ಎರಡು ಕೈಯಲ್ಲೇ ಒಡೆದು ಚುಚ್ಚಿದವು. ಉಮಾಮಹೇಶ್ವರ ಹತ್ತಿರ ಬಂದು ಅವಳ ಮುಂಗೈಯನ್ನು ಬಾಗಿ ನೋಡಿದ. ನೆತ್ತರು ನೋಡುತ್ತಿದ್ದಾನೆ ಎಂದು ಮಾಸ್ತಮ್ಮ ಭಾವಿಸಿದಳು.

"ಗಾಜಿನ ಚೂರು ಉಳಿದಿರಬಾರದು. ಇನ್ನೊಂದ್ಸಲ ತೊಳಿ," ಎಂದ ಅವನು.

ಅವಳು ತೊಳೆದಳು. ಬೋಳು ಕೈಗಳು ಮೊಣಕೈವರೆಗೆ ನೀಲಿಯಾಗಿದ್ದವು. ಅದು ಸಾಬೂನಿಗೆ ಹೋಗುವ ಬಣ್ಣವಲ್ಲ. ಸಾಗರದ ಹೊರಗಿನ ಈ ಕಾರ್ಖಾನೆಯಲ್ಲಿ ಮೈಲುತುತ್ತ ಮಾಡುತ್ತಾರೆ. ಹಳೆ ತಾಮ್ರದ ಚೂರು, ನೀರು ಬೆರೆಸಿದ ಆಸಿಡ್ಡು, ಕೆಳಗೆ ಬೆಂಕಿ. ಕುದಿದು ತಣಿದಾಗ ನೀಲಿ ಹರಳು ಕೂರುತ್ತದೆ. ಅದನ್ನು ಹೆಂಗಸರು ಕೈಯಿಂದ ಕೆರೆದು ತೆಗೆಯುತ್ತಾರೆ. ಮಳೆ ಹಿಡಿಯುವ ಮೊದಲು ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟದವರೆಲ್ಲ ಅದನ್ನು ಸುಣ್ಣಕ್ಕೆ ಬೆರೆಸಿ ಅಡಿಕೆ ಗೊನೆಗೆ ಹೊಡೆಸುತ್ತಾರೆ. ಹೊಡೆಸದಿದ್ದರೆ ಕೊಳೆರೋಗ ಬಂದು ಗೊನೆ ಉದುರುತ್ತದೆ. ಕೆರೆಯುವವರ ಉಗುರು ಉದುರುವುದಕ್ಕೆ ಔಷಧಿ ಇನ್ನೂ ಬಂದಿಲ್ಲ.

ಮಾಸ್ತಮ್ಮ ಊಟವನ್ನು ಚಮಚೆಯಂತೆ ಮಡಿಸಿದ ಮುತ್ತುಗದ ಎಲೆಯಲ್ಲಿ ತಿನ್ನುತ್ತಿದ್ದಳು. ಬೆರಳು ಬಾಯಿಗೆ ತಾಗಿದರೆ ವಾಂತಿ. ಮಗುವಿಗೆ ಹಾಲು ಕೊಡುವಾಗ ಕೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಕಾರ್ಖಾನೆಯ ಬಾವಿಯ ಹಗ್ಗವನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ನೀಲಿ ಹತ್ತುತ್ತದೆ ಎನ್ನುವುದು ಈಗ ಹೇಳುವ ಕಾರಣ. ನೀಲಿ ಇಲ್ಲದ ಕಾಲದಲ್ಲೂ, ಶರಾವತಿ ದಂಡೆಯ ಊರಿನಲ್ಲಿ ಇದೇ ಗಣೇಶಮೂರ್ತಿಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದಾಗಲೂ, ಅವನ ಬಾವಿಯ ಹಗ್ಗವನ್ನು ಅವರು ಮುಟ್ಟಿರಲಿಲ್ಲ. ಆಗ ಕಾರಣ ಹೇಳುವ ಅಗತ್ಯ ಬಿದ್ದಿರಲಿಲ್ಲ.

ಆ ಊರು ಈಗ ನೀರಿನಡಿ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು ನಾಲ್ಕು ಮಳೆಗಾಲ ಕಳೆದವು. ಅಲ್ಲಿದ್ದದ್ದು ಕೆರಿಯಪ್ಪನ ಅಜ್ಜ ಕಾಡು ಕಡಿದು ಹದ ಮಾಡಿದ ಗದ್ದೆ. ಅಪ್ಪ ಅದರಲ್ಲೇ ಹಾವು ಕಚ್ಚಿ ಸತ್ತ. ಕಾಗದದಲ್ಲಿ ಮಾತ್ರ ಗಣೇಶಮೂರ್ತಿಯ ಹೆಸರಿತ್ತು. ಪರಿಹಾರ ಕಾಗದದ ಹಿಂದೆ ಹೋಯಿತು. ಅದರಿಂದ ಈ ಕಾರ್ಖಾನೆ ಎದ್ದಿತು. ಒಕ್ಕಲುಗಳು ಕಾರ್ಖಾನೆಯ ಹಿಂದೆ ಗುಡಿಸಲು ಹಾಕಿಕೊಂಡರು. "ನಿಮ್ಮನ್ನ ಬೀದೀಲಿ ಬಿಟ್ಟಿಲ್ಲ ನಾನು," ಎಂದು ಒಡೆಯ ಈಗಲೂ ಹೇಳುತ್ತಾನೆ.

ಆಸಿಡ್ಡು ತುಂಬಿಡಲು ಮೊದಲು ಇದ್ದದ್ದು ಮರದ ತೊಟ್ಟಿ. ಒಳಗೆ ಸೀಸದ ತಗಡು ಹೊಡೆದಿದ್ದರು. ಅದರ ನಲ್ಲಿ ಕಾಯುತ್ತಿದ್ದವನು ಚಂದ್ರಯ್ಯ. ಹೋದ ವರ್ಷ ಮಾರ್ಗಶಿರದಲ್ಲಿ ಬೆಳಗಿನ ಹೊತ್ತು ಮರ ಬಿಟ್ಟುಕೊಂಡಿತು. ಆಸಿಡ್ಡು ಅವನ ಬಲಗಾಲಿನ ಮೇಲೆ ಸುರಿಯಿತು. ಮಾಸ್ತಮ್ಮ ಅವನ ಕಾಲಿಗೆ ನೀರು ಹೊಯ್ದವಳು. ನೀರಿನ ಜತೆಗೆ ಕಾಲಿನಿಂದ ಏನು ಜಾರಿ ಬಿತ್ತು ಎಂಬುದನ್ನು ಅವಳು ಯಾರಿಗೂ ಹೇಳಿಲ್ಲ. ಚಂದ್ರಯ್ಯ ಈಗ ಗುಡಿಸಲ ಬಾಗಿಲಲ್ಲಿ ಕೂತು ನೊಣ ಓಡಿಸುತ್ತಾನೆ. ಅವನ ಜಾಗಕ್ಕೆ ಕೆರಿಯಪ್ಪನನ್ನು ಹಾಕಿದರು.

ಆಮೇಲೆ ಬಂದದ್ದು ಈ ಫೈಬರ್ ತೊಟ್ಟಿ. ಬೊಂಬಾಯಿಯಿಂದ ಲಾರಿಯ ಮೇಲೆ ಹುಲ್ಲು ಹಾಸಿ ಮಲಗಿಸಿ ತಂದರು. ಗಾಜನ್ನು ನೂಲಿನಂತೆ ಎಳೆದು, ಬಟ್ಟೆಯಂತೆ ಹಾಸಿ, ಅಂಟು ಬಳಿದು ಪದರ ಪದರವಾಗಿ ಕಟ್ಟಿದ್ದಂತೆ. ಆಳೆತ್ತರಕ್ಕಿಂತ ಎತ್ತರ, ಜೇನಿನ ಬಣ್ಣ. ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ ನಿಲ್ಲಿಸಿದರು. ತುಂಬುವ ಮೊದಲು ಕಂಪನಿಯ ಇನ್‌ಸ್ಪೆಕ್ಟರು ಬಂದು ನೋಡಿ ಬರೆದುಕೊಡಬೇಕು. ಒಡೆಯದೆ, ಕೊರೆಯದೆ, ಚೂರು ಕತ್ತರಿಸದೆ, ಕಣ್ಣಿಂದ, ದೀಪದಿಂದ, ಕಿವಿಯಿಂದ ನೋಡಬೇಕು. ಬಂದವನು ದೂರದ ಸಂಬಂಧದಲ್ಲಿ ಒಡೆಯನಿಗೆ ಅಳಿಯನಾಗುವ ತೀರ್ಥಹಳ್ಳಿಯ ಕಡೆಯ ಹುಡುಗ.

ತೊಟ್ಟಿಯ ಬಾಯಿ ನೆತ್ತಿಯ ಮೇಲಿತ್ತು. ಒಂದು ಮೊಳ ಅಗಲ. ಉಮಾಮಹೇಶ್ವರ ಏಣಿ ಹತ್ತಿ ಒಮ್ಮೆ ತಲೆ ಹಾಕಿದ. ಅಂಟಿನ ವಾಸನೆ ಹೊಡೆಯಿತು. ಕರವಸ್ತ್ರದಿಂದ ಮೂಗು ಒತ್ತಿಕೊಂಡು ಇಳಿದ. "ತೆಳ್ಳಗಿರೋ ಹೆಂಗಸು ಯಾರಾದರೂ ಇದ್ದಾರಾ?" ಎಂದು ಕೇಳಿದ.

ತೆಳ್ಳಗಾಗಿಸುವ ಕೆಲಸ ಕಾರ್ಖಾನೆ ಮಾಡಿ ಮುಗಿಸಿತ್ತು.

ಮಾಸ್ತಮ್ಮ ಹಗ್ಗದ ಏಣಿಯಲ್ಲಿ ಇಳಿದಳು. ಒಂದು ಕೈಯಲ್ಲಿ ತಂತಿಗೆ ಕಟ್ಟಿದ ಬಲ್ಬು, ಇನ್ನೊಂದರಲ್ಲಿ ಅವನು ಕೊಟ್ಟ ಎಂಟಾಣೆ ನಾಣ್ಯ. ಹೊರಗೆ ಗೋಣಿ ಕಟ್ಟಿ ಶೆಡ್ಡನ್ನು ಕತ್ತಲೆ ಮಾಡಿದ್ದರು. ಅವಳು ಬಲ್ಬನ್ನು ಒಳಗೋಡೆಗೆ ಒತ್ತಿ ಗೇಣು ಗೇಣು ಸರಿಸಬೇಕು. ಬೆಳಕು ಗೋಡೆಯನ್ನು ತೂರಿ ಹೊರಗೆ ಬೀಳುತ್ತದೆ. ಪದರ ಬಿಟ್ಟಿದ್ದರೆ, ಗಾಳಿ ಸೇರಿದ್ದರೆ ಅಲ್ಲಿ ಕಲೆ ಕಾಣುತ್ತದೆ. ಆಮೇಲೆ ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟಿ ಕೇಳಬೇಕು.

"ಗಟ್ಟಿ ಜಾಗ ಟಣ್ ಅನ್ನುತ್ತೆ," ಎಂದಿದ್ದ ಅವನು. "ಪದರ ಬಿಟ್ಟಲ್ಲಿ ಸತ್ತ ಸದ್ದು. ನಿನಗೆ ತಿಳಿಯುತ್ತಾ?"

ಮಾಸ್ತಮ್ಮನಿಗೆ ಉತ್ತರಿಸುವಷ್ಟು ಬೆಲೆಯ ಪ್ರಶ್ನೆ ಅದೆನಿಸಲಿಲ್ಲ. ಸಂತೆಯಲ್ಲಿ ಬೆರಳ ಗೆಣ್ಣಿಂದ ಬಡಿಯದೆ ಯಾವ ಹೆಂಗಸು ಗಡಿಗೆ ಕೊಂಡಿದ್ದಾಳೆ? ಕಣ್ಣಿಗೆ ಕಾಣದ ಸೀಳನ್ನು ಗೆಣ್ಣು ಹೇಳುತ್ತದೆ.

ಒಳಗೆ ಉಸಿರೇ ಇರಲಿಲ್ಲ. ಬಲ್ಬಿನ ಕಾವಿಗೆ ವಾಸನೆ ಬಿಸಿಯಾಯಿತು. ಕಣ್ಣು ಉರಿಯಿತು. ಅಂಚಿನಿಂದ ಎದ್ದ ಗಾಜಿನ ನಾರು ಕುತ್ತಿಗೆಗೆ, ಕಂಕುಳಿಗೆ, ಮೊಲೆಯ ಕೆಳಗಿನ ಬೆವರಿಗೆ ಅಂಟಿ ಕಚ್ಚಿತು. ತುರಿಸಿದರೆ ಇನ್ನೂ ಒಳಗೆ ಹೋಯಿತು. ಎರಡು ಸುತ್ತು ಮುಗಿಯುವಷ್ಟರಲ್ಲಿ ಬೆಳಗಿನ ಗಂಜಿ ಹೊರಗೆ ಬಂತು.

"ಎಂತ ಆಯ್ತು?" ಎಂದು ಹೊರಗಿನಿಂದ ಉಮಾಮಹೇಶ್ವರ ಕೂಗಿದ.

"ಕಕ್ಕಿದೆ ಸ್ವಾಮಿ."

"ಥೂ! ಗೋಡೆಗೆ ಬಿತ್ತಾ?"

"ಇಲ್ಲ. ನನ್ನ ಮೈ ಮೇಲೇ."

"ಸದ್ಯ. ಸೀರೆಯಲ್ಲಿ ಒರೆಸಿಬಿಡು. ಉಗುರು ತಾಗಿಸಬೇಡ."

ಅವಳು ಒರೆಸಿದಳು. ತನ್ನ ವಾಂತಿಯನ್ನು ತಾನೇ ತನ್ನ ಸೆರಗಿನಲ್ಲಿ. ಆ ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಸರಿದಳು. ಟಣ್. ಟಣ್. ಟಣ್.

ಮೂಡಲ ಬದಿಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ನಾಣ್ಯ ಡಬ್ ಎಂದಿತು.

ಮತ್ತೆ ತಟ್ಟಿದಳು. ಡಬ್. ಅಂಗೈ ಅಗಲದ ಜಾಗ ಸತ್ತಿತ್ತು. ಬಲ್ಬು ಹತ್ತಿರ ತಂದಳು. ಕೂದಲೆಳೆಯಂಥ ಗೆರೆಗಳು ಒಂದು ಚುಕ್ಕಿಯಿಂದ ಎಲ್ಲ ದಿಕ್ಕಿಗೂ ಒಡೆದಿದ್ದವು. ಜೇಡದ ಕಾಲಿನ ಹಾಗೆ.

"ಇಲ್ಲಿ ಒಡೆದೈತೆ," ಎಂದಳು.

ಗೋಡೆಯ ಆಚೆ ಉಮಾಮಹೇಶ್ವರನ ನೆರಳು ಬಾಗಿತು. ಬೆಳಕು ಬಿದ್ದ ಜಾಗಕ್ಕೆ ಬೆರಳು ಬಂತು. ಬೆರಳು ಏನನ್ನೋ ಉಜ್ಜಿತು.

"ಇಲ್ಲಿ ಕುಂಕುಮ ಇದೆ," ಎಂದ ಅವನು.

ಆಗ ಅವಳಿಗೆ ಹೊಳೆಯಿತು. ಎಂಟು ದಿನದ ಹಿಂದೆ ತೊಟ್ಟಿಗೆ ಪೂಜೆ ಮಾಡಿದ್ದರು. ಕಾರ್ಖಾನೆಯಲ್ಲಿ ಏನು ಬಂದರೂ ಒಡೆಯ ಅದರ ಮೈಗೇ ಕಾಯಿ ಒಡೆಯುತ್ತಾನೆ. ಕಬ್ಬಿಣದ ಪಂಪಿಗೆ ಒಡೆದಿದ್ದ. ಬಾಯ್ಲರಿಗೆ ಒಡೆದಿದ್ದ. ಅವು ಕಬ್ಬಿಣ, ತಡೆದವು. ಹೆಂಗಸರು ದೂರದಲ್ಲಿ ನಿಂತು ನೋಡುತ್ತಿದ್ದಾಗ, ನೆಲದ ಮೇಲೆ ನಿಂತು ಎದೆಯೆತ್ತರಕ್ಕೆ ತೊಟ್ಟಿಯ ಬುಡಕ್ಕೆ ಹೊಡೆದ. ಕಾಯಿ ಒಡೆಯಲಿಲ್ಲ. ತೊಟ್ಟಿ ಬಳುಕಿ ಕಾಯನ್ನು ಹಿಂದಕ್ಕೆ ಎಸೆಯಿತು. ಯಾರೋ ಲೊಚಗುಟ್ಟಿದರು. ಎರಡನೇ ಸಲವೂ ಒಡೆಯಲಿಲ್ಲ. ಅಪಶಕುನವೆಂದು ಒಡೆಯನ ಕಿವಿ ಕೆಂಪಾಯಿತು. ಮೂರನೇ ಸಲ ಎರಡೂ ಕೈಯಲ್ಲಿ ಎತ್ತಿ, ಹಲ್ಲು ಕಚ್ಚಿ ಅಪ್ಪಳಿಸಿದ. ಕಾಯಿ ಹೋಳಾಯಿತು. ಹೊರಮೈಗೆ ಕುಂಕುಮವಲ್ಲದೆ ಒಂದು ಗುರುತೂ ಉಳಿಯಲಿಲ್ಲ. ಒಡೆದದ್ದು ಒಳಗೆ.

ಗಣೇಶಮೂರ್ತಿ ಜಗಲಿಯಿಂದ ಇಳಿದು ಬಂದ. ಗೋಡೆಗೆ ಆತುಕೊಂಡೇ ಇಬ್ಬರೂ ಮಾತಾಡಿದರು. ತಮ್ಮ ಮನೆಮಾತಿನಲ್ಲಿ. ಅದು ಒಳಗಿದ್ದವಳಿಗೆ ತಿಳಿಯುವುದಿಲ್ಲ ಎಂದುಕೊಂಡರೋ, ಒಳಗೊಬ್ಬಳು ಇದ್ದಾಳೆನ್ನುವುದನ್ನೇ ಮರೆತರೋ. ಯಕ್ಷಗಾನದ ಚಂಡೆಯ ಒಳಗೆ ಕೂತ ಹಾಗೆ ಪ್ರತಿಯೊಂದು ಮಾತೂ ಮಾಸ್ತಮ್ಮನ ಕಿವಿಗೆ ಬಿತ್ತು. ಮೂರು ತಲೆಮಾರು ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಂತವರಿಗೆ ಆ ಮಾತು ಬರದೆ ಏನು?

"ಮಾವ, ಒಳಗೆ ಬಿರುಕು ಇದ್ದು. ಕಾಯಿ ಹೊಡದ ಜಾಗವೇ."

"ಎಂತೂ ಇಲ್ಲೆ. ದೇವರ ಕಾಯಿ ಒಡದ್ದಕ್ಕೆ ತೊಟ್ಟಿ ಒಡೆತ್ತಾ? ಸುಮ್ನೆ ಬರೆ."

"ಆಸಿಡ್ ಪದರದೊಳಗೆ ಹೋದ್ರೆ ಗಾಜಿನ ನೂಲನ್ನೇ ತಿಂತು. ಇವತ್ತಲ್ಲ, ಎರಡು ತಿಂಗಳಿಗೋ ಮೂರಕ್ಕೋ."

"ಆನು ಕಾಯಿ ಹೊಡದ್ದು ಹೇಳಿ ಬರದ್ರೆ ನಿನ್ನ ಕಂಪನಿ ಬೇರೆ ತೊಟ್ಟಿ ಕೊಡ್ತಾ?"

"ಇಲ್ಲೆ ಮಾವ."

"ಮತ್ತೆ? ಮಳೆ ಬಂತು ನೋಡು. ಊರ ತೋಟಕ್ಕೆಲ್ಲ ತುತ್ತ ಎಲ್ಲಿಂದ ಕೊಡದು? ಸರಿ ಇದ್ದು ಹೇಳಿ ಬರೆ. ಒಳಗೆ ನೋಡಿದ್ದು ಆ ಹೆಂಗಸು ಹೇಳಿ ಅದರ ಹೆಬ್ಬೆಟ್ಟು ಒತ್ತಿಸಿಟ್ಕ. ನಾಳೆ ಎಂತಾರೂ ಆದ್ರೆ, ಅದು ಒಳಗೆ ಇಳದು ಗೀರಿದ್ದು. ಮುಗತ್ತು."

"ಕೆಳಗೆ ನಲ್ಲಿ ಹತ್ರ ಜನ ನಿಂತಿರ್ತ, ಮಾವ."

"ಜನಕ್ಕೆ ಎಂತ, ಬೇರೆ ಸಿಕ್ತ," ಎಂದ ಗಣೇಶಮೂರ್ತಿ. ಪಿಚಕ್ಕನೆ ಕವಳ ಉಗಿದ ಸದ್ದು. "ಹಾಂ, ಆ ಹೆಂಗಸು ಇಳದ್ದಕ್ಕೆ ಭಟ್ಟರ ಹತ್ರ ಹೇಳಿ ಒಳಗೆ ಪಂಚಗವ್ಯ ಹಾಕಿಸವು. ನೆನಪು ಮಾಡು."

ಮಾಸ್ತಮ್ಮನಿಗೆ ಎಲ್ಲ ಅರ್ಥವಾಯಿತು. ಹಸುವಿನ ಗಂಜಲದಿಂದ ತೊಟ್ಟಿಯಿಂದ ಅವಳನ್ನು ತೊಳೆದು, ಅವಳ ಹೆಬ್ಬೆಟ್ಟನ್ನು ಇಟ್ಟುಕೊಂಡು, ಆ ಬಿರುಕಿನ ಕೆಳಗೆ ಕೆರಿಯಪ್ಪನನ್ನು ನಿಲ್ಲಿಸುತ್ತಾರೆ. ಚಂದ್ರಯ್ಯನ ಕಾಲು ಕಣ್ಣಿಗೆ ಬಂತು. ನೀರಿನ ಜತೆ ಜಾರಿ ಬಿದ್ದದ್ದೂ ಬಂತು. ನಾಳೆ ಗಂಡನ ಮೇಲೆ ಆಸಿಡ್ಡು ಸುರಿದಾಗ, ಸುರಿಸಿದವಳು ಇವಳೇ ಎಂದು ಕಾಗದ ಹೇಳುತ್ತದೆ. ಕಾಗದ ಯಾವತ್ತೂ ಇವರ ಕಡೆಗೆ ಹೇಳಿದ್ದಿಲ್ಲ.

ಉಮಾಮಹೇಶ್ವರ ಏಣಿ ಹತ್ತಿ ಬಾಯಿಯ ಹತ್ತಿರ ಬಂದ. "ಆಯ್ತು, ಬಾ ಮೇಲೆ. ಎಲ್ಲ ಸರಿ ಇದೆ. ಒಂದು ಹೆಬ್ಬೆಟ್ಟು ಹಾಕಿ ಹೋಗು."

"ಸರಿ ಇಲ್ಲ ಸ್ವಾಮಿ."

"ಅದೆಲ್ಲ ನಿನಗೆ ತಿಳಿಯಲ್ಲ."

"ತಿಳಿಯುತ್ತಾ ಅಂತ ಕೇಳಿ ಇಳಿಸಿದೋರು ನೀವೇ."

ಕೆಳಗಿನಿಂದ ಗಣೇಶಮೂರ್ತಿಯ ಗಂಟಲು. "ಎಂತದಂತೆ ಅವಳದು? ಏ ಮಾಸ್ತಿ, ಹೊರಗೆ ಬಾರೆ!"

"ಬರಲ್ಲ ಒಡೇರೆ."

ಬರಲ್ಲ. ಆ ಮಾತು ಗೋಡೆಗೆ ಬಡಿದು ಅವಳಿಗೇ ವಾಪಸ್ಸು ಬಂತು. ಅವಳ ಅಪ್ಪ ಆಡದ ಮಾತು. ಮಾವ ಆಡದ ಮಾತು. ನೀರು ಹೊಸಿಲಿಗೆ ಬಂದಾಗಲೂ ಯಾರೂ ಆಡಿರಲಿಲ್ಲ. ಹೋಗಿ ಎಂದಾಗ ಹೋಗಿದ್ದರು, ಬನ್ನಿ ಎಂದಾಗ ಬಂದಿದ್ದರು.

"ಕೆರಿಯಾ, ಇಳಿದು ಎಳಕೊಂಡು ಬಾರೋ ನಿನ್ನ ಹೆಂಡ್ತೀನ!"

"ನಾ ಹಿಡಿಯಲ್ಲ ಅದರಾಗೆ," ಎಂದ ಕೆರಿಯಪ್ಪ. ನಿಜವೇ. ಅವನ ಭುಜ ಆ ಬಾಯಿಗೆ ಅಗಲ.

"ಹಾಲಿ, ನೀನು ಇಳಿಯೆ."

"ನಂಗೆ ತಲೆ ತಿರುಗ್ತದೆ ಒಡೇರೆ. ಕಕ್ಕಿ ತೊಟ್ಟಿ ಹೊಲಸಾದ್ರೆ?" ಎಂದಳು ಹಾಲಮ್ಮ. ಯಾರೋ ನಕ್ಕರು. ಈ ನಗೆ ಬೆಳಗಿನ ನಗೆಯ ಹಾಗಿರಲಿಲ್ಲ.

ಒಡೆಯನೇ ಇಳಿದು ಎಳೆಯುವಂತಿರಲಿಲ್ಲ. ಹೊಟ್ಟೆ ಬಿಡುತ್ತಿರಲಿಲ್ಲ. ಹೊಟ್ಟೆ ಬಿಟ್ಟರೂ ಅವಳ ಮೈ ಮುಟ್ಟಬೇಕಾಗುತ್ತಿತ್ತು. ಮುಟ್ಟದ ಮೈಯನ್ನು ಹೊರಗೆ ತೆಗೆಯುವ ದಾರಿ ಅವನಿಗೆ ತಿಳಿದಿದ್ದು ಒಂದೇ.

"ನೀರು ಬಿಡಿ," ಎಂದ. "ಹೇಗೂ ನೀರು ತುಂಬಿ ನೋಡೋದು ಇದ್ದೇ ಇದೆ. ಮುಳುಗ್ತೀನಿ ಅಂದ್ರೆ ಇಲಿ ಬಂದ ಹಾಗೆ ಬರ್ತಾಳೆ."

"ಬೇಡ ಮಾವ. ಒಳಗೆ ಕರೆಂಟಿನ ಬಲ್ಬು ಇದೆ!"

"ಬಲ್ಬು ಎಳಕೊ."

ಬಲ್ಬು ಅವಳ ಕೈಯಿಂದ ಜಾರಿ ತಂತಿಯ ತುದಿಯಲ್ಲಿ ತೂಗುತ್ತ ಮೇಲೆ ಹೋಯಿತು. ಕತ್ತಲೆ. ನೀರಿನ ಕವಾಟವನ್ನು ಯಾರೂ ಮುಟ್ಟಲಿಲ್ಲ. ಎಲ್ಲರೂ ನಿಂತೇ ಇದ್ದಾರೆಂದು ಒಳಗಿದ್ದವಳಿಗೂ ತಿಳಿಯಿತು. ಕೊನೆಗೆ ಒಡೆಯನ ಮೆಟ್ಟಿನ ಸದ್ದು ಕೇಳಿತು. ತಿರುಪು ಕಿರುಗುಟ್ಟಿತು. ಮೇಲಿನ ಕೊಳವೆಯಿಂದ ನೀರು ಅವಳ ನೆತ್ತಿಯ ಮೇಲೇ ಬಿತ್ತು.

ತಣ್ಣಗಿತ್ತು. ವಾಂತಿ ತೊಳೆದು ಹೋಯಿತು. ನೀರು ಹಿಮ್ಮಡಿಗೆ ಬಂತು. ಮೀನಖಂಡಕ್ಕೆ ಬಂತು. ಅವಳಿಗೆ ಭಯವಾಯಿತು. ಹೇಳಿಕೊಳ್ಳಲಾಗದ ಭಯ. ಮೈಯ ಮೇಲೆ ಹಿಡಿತ ತಪ್ಪಿ ಉಚ್ಚೆ ಅಲ್ಲೇ ಹೋಯಿತು. ಹೋಗಲಿ, ಅದಕ್ಕೂ ಪಂಚಗವ್ಯ ಹಾಕಿಸಿಕೊಳ್ಳಲಿ. ಹಗ್ಗದ ಏಣಿ ಮುಖಕ್ಕೆ ತಾಗುತ್ತಿತ್ತು. ಕೈ ತಾನಾಗಿ ಅದನ್ನು ಹಿಡಿಯಿತು. ಅವಳು ಬೆರಳು ಒಂದೊಂದೇ ಬಿಡಿಸಿದಳು. ನಾಣ್ಯದಿಂದ ಗೋಡೆಯನ್ನು ಬಡಿದಳು. ಡಬ್. ಡಬ್. ಡಬ್. ಈಗ ಮೆಲ್ಲಗಲ್ಲ.

ಹೊರಗೆ ಯಾರೋ ಗೋಣಿ ಕಿತ್ತೆಸೆದರು. ಗೋಡೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿತು. ಆಚೆ ನೆರಳುಗಳು ಒತ್ತೊತ್ತಾಗಿ ಬಂದವು. ನೀರು ತೊಡೆಗೆ ಬಂತು.

"ಅಯ್ಯಯ್ಯೋ, ಬೆವರ್ತದೆ!" ಹಾಲಮ್ಮನ ಕೂಗು. "ನೋಡ್ರೇ ಇಲ್ಲಿ, ತೊಟ್ಟಿ ಬೆವರ್ತದೆ!"

"ಮೇಲಿಂದ ಚೆಲ್ಲಿದ ನೀರದು," ಎಂದ ಗಣೇಶಮೂರ್ತಿ.

"ಒರೆಸಿ ನೋಡಾನ." ಗೋಡೆಯ ಆಚೆ ಬಟ್ಟೆ ಉಜ್ಜಿದ ಸದ್ದು. ಸ್ವಲ್ಪ ಹೊತ್ತು. "ಮತ್ತೆ ಬಂತು. ಕುಂಕುಮದಾಗಿಂದಾನೇ ಬಂತು."

"ಚೆಲ್ಲಿದ ನೀರು ಅಂದೆ!"

ನೀರು ತೊಡೆ ಮುಳುಗಿಸಿತು. ಆಮೇಲೆ ನಿಂತಿತು. ಕೊಳವೆಯಿಂದ ನಾಲ್ಕು ಹನಿ ಬಿದ್ದು ಅದೂ ನಿಂತಿತು.

"ಯಾರೋ ಮುಚ್ಚಿದ್ದು?"

"ನಾನು," ಎಂದ ಕೆರಿಯಪ್ಪ.

"ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ."

ಅಷ್ಟೇ. ಗಂಡ ಹೆಚ್ಚು ಮಾತಿನವನಲ್ಲ. ಅವನ ನೆರಳು ಕವಾಟದ ಹತ್ತಿರ ನಿಂತಿತ್ತು. ಅದರ ಪಕ್ಕಕ್ಕೆ ಇನ್ನೊಂದು ನೆರಳು ಬಂದು ನಿಂತಿತು. ಮತ್ತೊಂದು. ಒಡೆಯನ ಗಿಡ್ಡ, ಅಗಲ ನೆರಳು ಅವುಗಳ ಮುಂದೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಹೋಯಿತು. ದಾರಿ ಸಿಗಲಿಲ್ಲ.

ಉಮಾಮಹೇಶ್ವರ ಮತ್ತೆ ಏಣಿ ಹತ್ತಿದ. ಅವನ ಮುಖ ಬಿಳಿಚಿತ್ತು. ಮೂಗಿಗೆ ಕರವಸ್ತ್ರ ಇರಲಿಲ್ಲ.

"ಬಾ ತಾಯಿ. ಸಾಕು."

ತಾಯಿ! ಬೆಳಗಿನಿಂದ ಅವಳು 'ತೆಗಿ'ಯಾಗಿದ್ದಳು, 'ಒರೆಸು'ವಾಗಿದ್ದಳು.

"ಬರೆದ್ರಾ?"

"ಬರೀತೀನಿ. ಮೊದಲು ಬಾ."

"ಬರೆದು ಓದಿ. ದೊಡ್ಡದಾಗಿ ಓದಿ. ಕನ್ನಡದಾಗೆ."

ಅವನು ಏಣಿಯ ಮೇಲೇ ಮೊಣಕಾಲಿಗೆ ಕಾಗದ ಇಟ್ಟುಕೊಂಡು ಬರೆದ. ಒಮ್ಮೆ ಪೆನ್ನು ಕಾಗದ ಹರಿಯಿತು. ಆಮೇಲೆ ಓದಿದ. "ಮೂಡಲ ಬದಿಯಲ್ಲಿ, ತಳದಿಂದ ಒಂದೂಕಾಲು ಅಡಿ ಎತ್ತರದಲ್ಲಿ, ಒಳಮೈಯಲ್ಲಿ ಬಿರುಕು ಇದೆ. ಪದರ ಬಿಟ್ಟಿದೆ. ಹೊರಗಿನಿಂದ ಪೆಟ್ಟು ಬಿದ್ದು ಆದದ್ದು. ಈ ತೊಟ್ಟಿಗೆ ಆಸಿಡ್ ತುಂಬಬಾರದು."

ಗಣೇಶಮೂರ್ತಿ ಮನೆಮಾತಿನಲ್ಲಿ ಏನೋ ಒಂದು ಹೊಲಸು ಮಾತು ಬೈದ. ಯಾರಿಗೆ ಎಂದು ತಿಳಿಯಲಿಲ್ಲ.

"ಆಯ್ತಲ್ಲ. ಈಗ ಬಾ," ಎಂದು ಉಮಾಮಹೇಶ್ವರ ಕೈ ಚಾಚಿದ. ಆ ಕೈ ಅವಳಿಗೆ ಮುಟ್ಟುವಷ್ಟು ಕೆಳಗೆ ಬಂದಿತ್ತು.

ಮಾಸ್ತಮ್ಮ ಕೈ ಕೊಡಲಿಲ್ಲ.

"ಪೆಟ್ಟು ಬಿತ್ತು ಅಂತ ಬರೆದ್ರಿ. ತಾನಾಗೇ ಬಿತ್ತಾ?"

"ಅಷ್ಟು ಸಾಕು. ತೊಟ್ಟಿ ತುಂಬೋದಿಲ್ಲ ಇನ್ನು. ನಿನ್ನ ಗಂಡಂಗೆ ಏನೂ ಆಗಲ್ಲ."

"ನಾಳೆ ನೀವು ಬಸ್ಸು ಹತ್ತಿ ಹೋಗ್ತೀರಿ. ಪೆಟ್ಟು ಹಾಕಿದೋಳು ಇವಳೇ ಅಂತ ಅದೇ ಕಾಗದ ತೋರಿಸ್ತಾರೆ. ಕೆಲಸಾನೂ ಹೋಯ್ತು, ಗುಡಿಸಲೂ ಹೋಯ್ತು. ಯಾರು ಹೊಡೆದದ್ದು, ಯಾತರಿಂದ ಹೊಡೆದದ್ದು, ಎಷ್ಟು ಸಲ ಹೊಡೆದದ್ದು ಬರೀರಿ. ಹೆಸರು ಬರೀರಿ."

ಅವನು ಹಿಂದೆ ತಿರುಗಿ ಕೆಳಗೆ ನೋಡಿದ. ಮಾವನ ಕಡೆ.

"ಅದು ಆಗಲ್ಲಮ್ಮ," ಎಂದ ಮೆಲ್ಲಗೆ.

"ಆಗೋವರೆಗೆ ಇರ್ತೀನಿ," ಎಂದು ಮಾಸ್ತಮ್ಮ ಕುಕ್ಕರುಗಾಲಲ್ಲಿ ಕೂತಳು. ನೀರು ಗಂಟಲಿಗೆ ಬಂತು.